ತುಡುವೆ ಪೆಟ್ಟಿಗೆ ಸಿಟ್ಟಿಗೆದ್ದರೆ ಏನು ಮಾಡಬೇಕು

ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಸಾಧು ಹುಳ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆಯ ಹಿತ್ತಿಲಲ್ಲಿ, ಬಾವಿಕಟ್ಟೆ ಪಕ್ಕದಲ್ಲಿ, ಕೆಲವರ ಅಂಗಳದ ತುದಿಯಲ್ಲೇ ಪೆಟ್ಟಿಗೆ ಇರುತ್ತದೆ. ಮಕ್ಕಳು ಅಲ್ಲೇ ಆಡುತ್ತಿರುತ್ತಾರೆ, ಯಾರಿಗೂ ಏನೂ ಆಗುವುದಿಲ್ಲ. ಅಂಥದ್ದರಲ್ಲಿ ಒಂದು ಪೆಟ್ಟಿಗೆ ದಾರಿಯಲ್ಲಿ ಹೋಗುವವರಿಗೆಲ್ಲ ಹೊಡೆಯಲು ಶುರು ಮಾಡಿದರೆ ಸಾಕಿದವರಿಗೆ ಕೈಕಾಲು ಆಡುವುದಿಲ್ಲ. ಒಳಗೆ ಏನೋ ಆಗಿದೆ ಅಂತ ಓಡಿಹೋಗಿ ಮುಚ್ಚಳ ತೆಗೆಯುತ್ತಾರೆ. ಅದೊಂದನ್ನು ಮಾಡಬೇಡಿ. ಕೆರಳಿದ ದಿನವೇ ತೆರೆದರೆ ಸಿಟ್ಟು ಇನ್ನಷ್ಟು ಏರುತ್ತದೆ. ದೂರ ನಿಂತು ನೋಡಿ. ಸಿಟ್ಟಿಗೆ ಕಾರಣ ಇದ್ದೇ ಇರುತ್ತದೆ, ಹೆಚ್ಚಿನ ಸಲ ಅದು ಪೆಟ್ಟಿಗೆಯ ಹೊರಗೇ ಸಿಗುತ್ತದೆ.

ನಮ್ಮ ಮನೆ ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ದಾರಿಯಲ್ಲಿದೆ. ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಮನೆ. ಪೆಟ್ಟಿಗೆಗಳೆಲ್ಲ ಅಡುಗೆಮನೆ ಹಿಂದಿನ ಹಿತ್ತಿಲಲ್ಲಿವೆ. ನಾನು ಇಲ್ಲಿ ಬರೆಯುವುದೆಲ್ಲ ತುಡುವೆಗೆ ಮಾತ್ರ. ಮೊಬೈಲಿನಲ್ಲಿ ಸಿಗುವ ವಿಡಿಯೋಗಳು ಹೆಚ್ಚಾಗಿ ಯುರೋಪಿನ ಮೆಲ್ಲಿಫೆರಾ ಜೇನಿನವು. ಅವರು ಧಾರಾಳ ಹೊಗೆ ಹಾಕುತ್ತಾರೆ, ಪೆಟ್ಟಿಗೆ ಬಿಚ್ಚಿಟ್ಟುಕೊಂಡು ಆರಾಮಾಗಿ ಮಾತಾಡುತ್ತಾರೆ. ತುಡುವೆಗೆ ಹಾಗೆ ಮಾಡಿದರೆ ಗೂಡನ್ನೇ ಬಿಟ್ಟು ಹೋಗಿಬಿಡುತ್ತದೆ.

ಹೊಡೆದದ್ದು ಯಾರು?

"ನಿಮ್ಮ ಜೇನು ನಮ್ಮನೆ ಹುಡುಗನಿಗೆ ಹೊಡೀತು" ಅಂತ ಫೋನ್ ಬಂದರೆ ಮೊದಲು ಅದು ನಿಮ್ಮದೇ ಹೌದಾ ನೋಡಿ. ಹೆಜ್ಜೇನು ತುಡುವೆಗಿಂತ ಎಷ್ಟೋ ದೊಡ್ಡದು. ಎತ್ತರದ ಮರ, ನೀರಿನ ಟ್ಯಾಂಕು, ಕಟ್ಟಡದ ಸೂರಿನಡಿ ಒಂದೇ ದೊಡ್ಡ ಎರಿ, ಅಂದರೆ ಮೇಣದ ಕಣಗಳ ಹಲಗೆ, ಕಟ್ಟುತ್ತದೆ. ರಾತ್ರಿ ಲೈಟಿಗೆ ಬಂದು ಬಿದ್ದದ್ದು, ಹಿಂಡಾಗಿ ಅಟ್ಟಿಸಿಕೊಂಡು ಬಂದದ್ದು ಸಾಮಾನ್ಯವಾಗಿ ಅದೇ. ಅದಕ್ಕೆ ಮನೆಯವರು ಕೈ ಹಾಕಬಾರದು, ಅದರ ಕೆಲಸ ಗೊತ್ತಿದ್ದವರನ್ನೇ ಕರೆಯಬೇಕು. ನೀವು ಜೇನುತುಪ್ಪ ತೆಗೆದ ಪಾತ್ರೆ, ಎರಿಯ ಚೂರು ಅಂಗಳದಲ್ಲಿ ತೆರೆದಿಟ್ಟರೂ ಹೆಜ್ಜೇನು ವಾಸನೆ ಹಿಡಿದು ಬರುತ್ತದೆ. ಆಮೇಲೆ ಬೈಗುಳ ತುಡುವೆಗೆ.

ಕರಾವಳಿಯವರಿಗೆ ಇನ್ನೊಂದು ಮಾತು. ಕಾರವಾರ, ಅಂಕೋಲಾ, ಕುಮಟಾದ ಏಪ್ರಿಲ್ ಸೆಖೆಗೆ ಹುಳಗಳು ಸಂಜೆ ಬಾಗಿಲ ಹೊರಗೆ ಗೊಂಚಲಾಗಿ ನೇತಾಡುತ್ತವೆ. ನೋಡಿದವರಿಗೆ ಭಯ ಆಗುತ್ತದೆ. ಅದು ಸಿಟ್ಟಲ್ಲ, ಒಳಗೆ ಧಗೆ. ನೆರಳಿಗೆ ಮಡಲು ಹಾಕಿ, ಹತ್ತಿರದಲ್ಲಿ ಬಾಯಗಲದ ಪಾತ್ರೆಯಲ್ಲಿ ಕಲ್ಲು ಹಾಕಿ ನೀರಿಡಿ, ಸಾಕು.

ಸಿಟ್ಟು ಎಷ್ಟಿದೆ ಅಂತ ತಿಳಿಯಲು ನನ್ನದು ಒಂದೇ ಅಳತೆ: ಎಷ್ಟು ದೂರ ಹಿಂದೆ ಬರುತ್ತವೆ? ಕಾವಲಿನ ನೊಣ ಬಂದು ಹಣೆಗೆ, ಮುಸುಕಿಗೆ ಟಪ್ ಅಂತ ಡಿಕ್ಕಿ ಹೊಡೆದು ಹೋದರೆ ಅದು ಎಚ್ಚರಿಕೆ ಮಾತ್ರ. ನೀವು ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬಿಟ್ಟುಹೋಗುತ್ತದೆ. ಪೆಟ್ಟಿಗೆ ತೆರೆದಾಗ ಮಾತ್ರ ರೇಗುವುದೂ ದೊಡ್ಡ ವಿಷಯವಲ್ಲ. ಯಾರೂ ಮುಟ್ಟದೇ ಇದ್ದರೂ ಹೊಡೆಯುವುದು, ಹಿತ್ತಿಲಿಂದ ಜಗಲಿಯವರೆಗೆ ಬಿಡದೆ ಬೆನ್ನುಹತ್ತುವುದು, ಮರುದಿನವೂ ಹಾಗೇ ಇರುವುದು, ಇದಕ್ಕೆ ಮದ್ದು ಬೇಕು.

ಹೊಡೆಸಿಕೊಂಡರೆ

ಕೈ ಬೀಸಬೇಡಿ, ನಿಂತಲ್ಲೇ ಕುಣಿಯಬೇಡಿ. ಮುಖ ಮುಚ್ಚಿಕೊಂಡು ಮನೆಯೊಳಗೆ ಹೋಗಿ ಬಾಗಿಲು ಹಾಕಿ. ಜೊತೆಗೆ ಬಂದ ಒಂದೆರಡು ಹುಳ ಬೆಳಕಿದ್ದ ಕಿಟಕಿಗೆ ಹೋಗುತ್ತವೆ. ಕೆರೆಗೆ ಹಾರುವುದು ಸಿನಿಮಾಕ್ಕೆ ಸರಿ, ಹುಳ ಮೇಲೆ ಕಾಯುತ್ತಿರುತ್ತದೆ.

ಮುಳ್ಳು ಚರ್ಮದಲ್ಲೇ ಉಳಿದಿರುತ್ತದೆ, ಅದಕ್ಕೆ ಅಂಟಿದ ವಿಷದ ಚೀಲ ಇನ್ನೂ ಒತ್ತುತ್ತಲೇ ಇರುತ್ತದೆ. ಉಗುರಿನಿಂದ ಕೆರೆದು ತಕ್ಷಣ ತೆಗೆಯಿರಿ. ಹೇಗೆ ತೆಗೆಯಬೇಕು ಅಂತ ಯೋಚಿಸುತ್ತ ಕೂರುವುದಕ್ಕಿಂತ ಬೇಗ ತೆಗೆಯುವುದು ಮುಖ್ಯ. ಆ ಜಾಗವನ್ನು ಸೋಪು ನೀರಿನಲ್ಲಿ ತೊಳೆಯಿರಿ. ಚುಚ್ಚಿದ ಕಡೆ ಒಂದು ವಾಸನೆ ಉಳಿಯುತ್ತದೆ, ಮೂಸಿ ನೋಡಿದರೆ ಕಳಿತ ಬಾಳೆಹಣ್ಣಿನ ಹಾಗಿರುತ್ತದೆ. ಅದು ಉಳಿದ ಹುಳಗಳಿಗೆ "ಇಲ್ಲೇ ಹೊಡೆಯಿರಿ" ಅನ್ನುವ ಗುರುತು. ಒಂದು ಹೊಡೆದ ಜಾಗಕ್ಕೇ ಮತ್ತೆ ನಾಲ್ಕು ಬಂದು ಹೊಡೆಯುವುದು ಇದಕ್ಕೇ. ಬಾಳೆಹಣ್ಣು ತಿಂದು ಪೆಟ್ಟಿಗೆ ಹತ್ತಿರ ಹೋಗಬೇಡಿ ಅನ್ನುವುದಕ್ಕೂ ಇದೇ ಕಾರಣ.

ಹೊಡೆದ ಜಾಗ ಊದುವುದು, ತುರಿಸುವುದು ಸಹಜ. ಐಸ್ ಇಡಿ. ಆದರೆ ಮೈಯೆಲ್ಲ ದದ್ದು ಎದ್ದರೆ, ತುಟಿ ಅಥವಾ ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ತಲೆ ತಿರುಗಿದರೆ, ವಾಂತಿಯಾದರೆ ಸುಣ್ಣ, ತುಳಸಿ ಅಂತ ಹಚ್ಚುತ್ತ ಕೂರಬಾರದು. ಕೂಡಲೇ 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕಿದ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ. ಅಲ್ಲಿ ಮೊದಲು ಬೇಕಾಗುವುದು ಅಡ್ರಿನಲಿನ್ ಇಂಜೆಕ್ಷನ್. ಒಂದೇ ಹುಳ ಹೊಡೆದರೂ ಕೆಲವರಿಗೆ ಹೀಗಾಗುತ್ತದೆ. ಮನೆಯಲ್ಲಿ ಅಂಥವರು ಇದ್ದರೆ ಹಿತ್ತಿಲಲ್ಲಿ ಪೆಟ್ಟಿಗೆಯೇ ಬೇಡ.

ಹೊರಗಿನ ಕಾರಣ

ನಮ್ಮ ಕಡೆ ಈಚೆಗೆ ಮೊದಲ ಅಪರಾಧಿ ಹುಲ್ಲು ಹೊಡೆಯುವ ಮಷಿನ್. ಮಳೆ ಕಡಿಮೆಯಾಗಿದ್ದೇ ತಡ, ಎಲ್ಲರ ಹಿತ್ತಿಲಲ್ಲೂ ಅದರದ್ದೇ ಸದ್ದು. ಪೆಟ್ರೋಲ್ ಹೊಗೆ, ನೆಲದ ನಡುಕ, ಹಸಿ ಹುಲ್ಲಿನ ಘಾಟು, ಮೇಲಿಂದ ಪೆಟ್ಟಿಗೆಗೆ ಬಡಿಯುವ ಕಲ್ಲಿನ ಚೂರು. ಯಾವ ಹುಳ ಸುಮ್ನೆ ಇದ್ದೀತು? ಪೆಟ್ಟಿಗೆಯ ಸುತ್ತ ನಾಲ್ಕೈದು ಮಾರು ಜಾಗವನ್ನು ಸಂಜೆ ಹೊತ್ತಿಗೆ ಕತ್ತಿಯಲ್ಲೇ ಕೊಚ್ಚಿಸಿ. ಪಂಪ್‌ಸೆಟ್ ಇರುವ ಕಟ್ಟೆಯ ಮೇಲೆ ಪೆಟ್ಟಿಗೆ ಇಡುವವರೂ ಇದ್ದಾರೆ, ಅದೂ ಬೇಡ.

ಎರಡನೆಯದು ಕಣಜ. ಮಳೆಗಾಲದ ಕೊನೆಯಿಂದ ಚಳಿ ಬೀಳುವವರೆಗೆ ದೊಡ್ಡ ಕಣಜ ಪೆಟ್ಟಿಗೆಯ ಬಾಗಿಲ ಮುಂದೆ ಗಾಳಿಯಲ್ಲಿ ನಿಂತು, ಮೇವು ಹೊತ್ತು ಬರುವ ಹುಳವನ್ನು ಹಾರುವಾಗಲೇ ಹಿಡಿಯುತ್ತದೆ. ಕಣಜ ಹತ್ತಿರ ಬಂದಾಗ ತುಡುವೆ ಮಾಡುವುದನ್ನು ಒಮ್ಮೆ ಕೂತು ನೋಡಬೇಕು. ಬಾಗಿಲ ಹಲಗೆಯ ಮೇಲೆ ಸಾಲಾಗಿ ನಿಂತ ಕಾವಲಿನವು ಒಟ್ಟಿಗೇ ಹಿಂಭಾಗ ಅಲ್ಲಾಡಿಸುತ್ತವೆ, ಒಂದು ಅಲೆ ಈ ತುದಿಯಿಂದ ಆ ತುದಿಗೆ ಹರಿದ ಹಾಗೆ. ಜೊತೆಗೆ ಬುಸ್ ಅನ್ನುವ ಸದ್ದು. ಕಣಜ ತಪ್ಪಿ ಹಲಗೆಯ ಮೇಲೆ ಕಾಲಿಟ್ಟರೆ ಹತ್ತಾರು ಹುಳ ಒಮ್ಮೆಲೇ ಮುತ್ತಿಕೊಂಡು ಉಂಡೆ ಕಟ್ಟುತ್ತವೆ. ಆ ಉಂಡೆಯ ಒಳಗೆ ಬಿಸಿ 46 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಹುಳ ತಡೆದುಕೊಳ್ಳುತ್ತದೆ, ಕಣಜ ಬೆಂದು ಸಾಯುತ್ತದೆ. ದಿನವಿಡೀ ಇದೇ ಯುದ್ಧ ಮಾಡಿದ ಪೆಟ್ಟಿಗೆಯ ಎದುರು ಸಂಜೆ ನೀವು ಹೋದರೆ ನಿಮಗೂ ಒಂದು ಬೀಳುತ್ತದೆ, ಅಲ್ವಾ?

ಇದಕ್ಕೆ ಪೆಟ್ಟಿಗೆಯೊಳಗೆ ಏನೂ ಮಾಡುವುದಿಲ್ಲ. ಬಾಗಿಲನ್ನು ಒಂದೆರಡು ಹುಳ ಮಾತ್ರ ಹೋಗುವಷ್ಟು ಚಿಕ್ಕದು ಮಾಡಿ. ಹತ್ತಿರದಲ್ಲಿ ಕಣಜದ ಗೂಡಿದ್ದರೆ ಅದನ್ನು ತೆಗೆಸಿ. ನಾನು ಮಕ್ಕಳ ಹಳೇ ಶಟ್ಲ್ ಬ್ಯಾಟ್ ಹಿಡಿದು ಬೆಳಗ್ಗೆ ಕಾಫಿ ಆದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತೇನೆ. ನೋಡಿದವರು ನಗುತ್ತಾರೆ, ನಗಲಿ. ಬರುವ ಕಣಜಗಳು ಕಡಿಮೆಯಾದರೆ ಕೆಲವೇ ದಿನದಲ್ಲಿ ಪೆಟ್ಟಿಗೆ ತಣ್ಣಗಾಗುತ್ತದೆ. ಕಳ್ಳಿಪೀರ ಹಕ್ಕಿಯೂ ತಂತಿಯ ಮೇಲೆ ಕೂತು ಹುಳ ಹಿಡಿಯುತ್ತದೆ. ಅದಕ್ಕೆ ನಾನು ಏನೂ ಮಾಡುವುದಿಲ್ಲ, ಅದರ ಪಾಲು ಅದಕ್ಕೆ.

ಇರುವೆ ಕಾಟ ಹಿಡಿದರೆ ಪೆಟ್ಟಿಗೆ ರಾತ್ರಿಯೂ ಗುಂಯ್‌ಗುಡುತ್ತದೆ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿಡಿ. ಮೇಲಿನ ಕೊಂಬೆಯೋ ಬಾಳೆ ಎಲೆಯೋ ಪೆಟ್ಟಿಗೆಗೆ ತಾಗಿದ್ದರೆ ಕಡಿಯಿರಿ. ಮರದ ಮೇಲಿನ ಚಗಳಿ ಇರುವೆಗೆ ಅಷ್ಟು ಸೇತುವೆ ಸಾಕು.

ಮಳೆಗಾಲದ್ದು ಬೇರೆ ಕಥೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲೆ ಹೂವೂ ಕಡಿಮೆ, ಹಾರಲು ಬಿಸಿಲೂ ಇಲ್ಲ. ಹಸಿದ ಪೆಟ್ಟಿಗೆ ಮೊದಲು ಸಿಡುಕುತ್ತದೆ, ಆಮೇಲೆ ಪಕ್ಕದ ಸೋತ ಪೆಟ್ಟಿಗೆಗೆ ಕನ್ನ ಹಾಕುತ್ತದೆ. ಬಾಗಿಲಲ್ಲಿ ಹುಳಗಳು ಒಂದಕ್ಕೊಂದು ಕಚ್ಚಾಡಿ ಉರುಳುತ್ತಿದ್ದರೆ ಅದು ದರೋಡೆ. ಎರಡೂ ಪೆಟ್ಟಿಗೆಯ ಬಾಗಿಲು ಕಿರಿದು ಮಾಡಿ, ಸಂದುಗಳನ್ನು ಹಸಿ ಮಣ್ಣಿನಿಂದ ಮುಚ್ಚಿ. ಸಕ್ಕರೆ ಮತ್ತು ನೀರು ಸಮ ಸಮ ಕರಗಿಸಿ ಆರಿದ ಮೇಲೆ ಕತ್ತಲಾಗುವ ಹೊತ್ತಿಗೆ ಪೆಟ್ಟಿಗೆಯ ಒಳಗೇ ಇಡಿ. ಹೊರಗೆ ಒಂದು ಹನಿಯೂ ಚೆಲ್ಲಬಾರದು. ಬೆಲ್ಲ ಬೇಡ, ಹುಳಕ್ಕೆ ಹೊಟ್ಟೆ ಕೆಡುತ್ತದೆ. ಅಂಗಡಿಯ ತುಪ್ಪವೂ ಬೇಡ, ಎಲ್ಲಿಯ ರೋಗವೋ ಜೊತೆಗೆ ಬಂದೀತು.

ಇದೇ ಹೊತ್ತಿನಲ್ಲಿ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ, ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅದು ಪೆಟ್ಟಿಗೆಯ ಮೇಲೆ ಬೀಳದ ಹಾಗೆ ಮೊದಲೇ ತಗಡೋ ಸೋಗೆಯೋ ಮುಚ್ಚಿ. ಅದಕ್ಕಿಂತ ಮುಖ್ಯ, ಅಡಿಕೆ ಮರ ಹತ್ತುವ ಕೊನೆಗೌಡರಿಗೆ ಮುಂಚೆ ಹೇಳಿ. ನೆಲದ ಮೇಲೆ ಇದ್ದವರು ಓಡಬಹುದು. ಅಡಿಕೆ ಮರದ ತುದಿಯಲ್ಲಿ ಮಣೆ ಹಾಕಿ ಕೂತವರು ಎಲ್ಲಿಗೆ ಓಡುತ್ತಾರೆ? ಪೆಟ್ಟಿಗೆ ಕೆರಳಿದ್ದರೆ ಆ ಭಾಗದ ಮರ ಆ ದಿನ ಹತ್ತಿಸಬಾರದು. ಒಂದು ಸಾಲಿನ ಕೆಲಸ ಎರಡು ದಿನ ತಡವಾದರೆ ಮನೆ ಮುಳುಗುವುದಿಲ್ಲ. ಕಟ್ಟಿದ ದನಕ್ಕೂ ಇದೇ ಮಾತು. ಕೊಟ್ಟಿಗೆಯ ಪಕ್ಕ, ಕರು ಕಟ್ಟುವ ಗೂಟದ ಹತ್ತಿರ ಪೆಟ್ಟಿಗೆ ಇಡಬೇಡಿ.

ತೆರೆಯುವ ದಿನ

ಹೊರಗೆ ಏನೂ ಕಾಣದಿದ್ದರೆ ಮಾತ್ರ ಒಳಗೆ ನೋಡಬೇಕು. ಒಳ್ಳೆ ಬಿಸಿಲಿನ ದಿನ, ಬೆಳಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ. ಆಗ ವಯಸ್ಸಾದ, ಜಾಸ್ತಿ ಹೊಡೆಯುವ ನೊಣಗಳು ಮೇವಿಗೆ ಹೋಗಿರುತ್ತವೆ. ಮೋಡ, ಗುಡುಗು, ಸಂಜೆ ಹೊತ್ತು ಬೇಡ.

ಬಟ್ಟೆ ತೆಳು ಬಣ್ಣದ್ದಿರಲಿ. ನಮ್ಮನೆಯವರ ಹಳೇ ಬಿಳಿ ಅಂಗಿಯೇ ನನ್ನ ಯೂನಿಫಾರ್ಮ್. ಕಪ್ಪು ಬಟ್ಟೆ, ಉಣ್ಣೆ, ಬಿಚ್ಚಿದ ಕೂದಲು ಕಂಡರೆ ಹುಳಕ್ಕೆ ಆಗುವುದಿಲ್ಲ. ಸೆಂಟು, ಘಮಘಮ ಎಣ್ಣೆ, ಮುಡಿದ ಮಲ್ಲಿಗೆ ಯಾವುದೂ ಬೇಡ. ತಲೆಗೆ ಬಟ್ಟೆ ಕಟ್ಟಿ ಅದರ ಮೇಲೆ ಮುಸುಕು ಹಾಕಿ, ಕಾಲಿಗೆ ಸಾಕ್ಸ್ ಏರಿಸಿ. ಹೊಗೆತಿದಿಗೆ ಒಣ ತೆಂಗಿನ ನಾರು, ಅಡಿಕೆ ಸಿಪ್ಪೆ, ಹಳೇ ಸೆಣಬಿನ ಗೋಣಿಚೂರು ಚೆನ್ನಾಗಿ ಆಗುತ್ತದೆ. ಈಗಿನ ಪ್ಲಾಸ್ಟಿಕ್ ಚೀಲ ಹಾಕಬೇಡಿ. ಹೊಗೆಯನ್ನು ನಿಮ್ಮ ಕೈಗೇ ಊದಿ ನೋಡಿ, ಬಿಸಿ ತಟ್ಟಬಾರದು.

ಪೆಟ್ಟಿಗೆಯ ಹಿಂದೆ ಅಥವಾ ಪಕ್ಕಕ್ಕೆ ನಿಲ್ಲಿ. ಹಾರಾಟದ ದಾರಿಗೆ ಅಡ್ಡ ಬರಬೇಡಿ. ಬಾಗಿಲಿಗೆ ಎರಡು ಮೂರು ಸಲ ಮೆಲ್ಲಗೆ ಹೊಗೆ ಊದಿ, ಸ್ವಲ್ಪ ಹೊತ್ತು ಕಾಯಿರಿ. ಈ ಕಾಯುವುದನ್ನು ಯಾರೂ ಮಾಡುವುದಿಲ್ಲ! ಹೊಗೆ ತಾಗಿದ ಹುಳ ಒಳಗೆ ಹೋಗಿ ತುಪ್ಪ ಕುಡಿಯಲು ತೊಡಗುತ್ತದೆ, ಹೊಡೆಯುವ ವಾಸನೆಯೂ ಹೊಗೆಯಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೆ ಸಮಯ ಕೊಡಬೇಕು. ಆಮೇಲೆ ಮುಚ್ಚಳ ತೆಗೆದು ಚೌಕಟ್ಟುಗಳ ಮೇಲೆ ಒದ್ದೆ ಬಟ್ಟೆ ಹಾಸಿ, ನೋಡುವ ಚೌಕಟ್ಟಿನ ಕಡೆ ಮಾತ್ರ ಸರಿಸಿ. ಮೊದಲು ಅಂಚಿನ ಚೌಕಟ್ಟು ತೆಗೆದು ಹೊರಗಿಡಿ, ಆಗ ಉಳಿದವಕ್ಕೆ ಜಾಗ ಸಿಗುತ್ತದೆ. ನೇರ ಮೇಲಕ್ಕೆ, ನಿಧಾನವಾಗಿ ಎತ್ತಿ. ಒಂದು ಹುಳ ಜಜ್ಜಿದರೂ ಅದೇ ಬಾಳೆಹಣ್ಣಿನ ವಾಸನೆ ಎದ್ದು ಉಳಿದವು ಕೆರಳುತ್ತವೆ. ಹೊಸ ಎರಿಯನ್ನು ಅಡ್ಡ ಮಲಗಿಸಿ ಹಿಡಿದರೆ ಮುರಿದು ಬೀಳುತ್ತದೆ, ಎಪ್ರಿಲ್ ಬಿಸಿಲಲ್ಲಂತೂ ಕೇಳುವುದೇ ಬೇಡ.

ಕಿವಿ ಪೆಟ್ಟಿಗೆಯ ಕಡೆ ಇರಲಿ. ಗುಂಯ್ ಅನ್ನುವ ಸದ್ದು ಸಣ್ಣಗೆ, ಚೂಪಾಗಿ ಏರಿತು ಅಂದರೆ ಮುಚ್ಚಿಬಿಡಿ. ಇವತ್ತು ನೋಡಿದ್ದು ಅಷ್ಟೇ ಸಾಕು.

ರಾಣಿ ಇಲ್ಲದ ಮನೆ

ಒಳಗೆ ಹುಡುಕುವುದು ರಾಣಿಯನ್ನಲ್ಲ, ಮೊಟ್ಟೆಯನ್ನು. ಒಂದೊಂದು ಕಣದ ತಳದಲ್ಲಿ ಒಂದೊಂದೇ ಮೊಟ್ಟೆ ನೆಟ್ಟಗೆ ನಿಂತಿದ್ದರೆ ರಾಣಿ ಇದ್ದಾಳೆ, ಕಣ್ಣಿಗೆ ಬೀಳದಿದ್ದರೂ ಚಿಂತೆಯಿಲ್ಲ. ರಾಣಿ ಸತ್ತ ಪೆಟ್ಟಿಗೆ ಮುಚ್ಚಳ ತೆಗೆದ ಕೂಡಲೇ ಗೋಳಾಡುವ ಹಾಗೆ ಒಂದೇ ಸಮನೆ ಮೊರೆಯುತ್ತದೆ, ಹುಳಗಳು ದಿಕ್ಕುತಪ್ಪಿ ಓಡಾಡುತ್ತವೆ. ತುಡುವೆಯಲ್ಲಿ ರಾಣಿ ಹೋದರೆ ಕೆಲಸಗಾರ ನೊಣಗಳು ಬೇಗನೇ ತಾವೇ ಮೊಟ್ಟೆ ಇಡಲು ಶುರು ಮಾಡುತ್ತವೆ. ಆಗ ಒಂದೇ ಕಣದಲ್ಲಿ ಎರಡು ಮೂರು ಮೊಟ್ಟೆ, ಕೆಲವು ಗೋಡೆಗೆ ಅಂಟಿಕೊಂಡು. ಅವುಗಳಿಂದ ಬರುವುದು ಬರೀ ಗಂಡು ನೊಣ. ಗಂಡಿನ ಕಣದ ಮುಚ್ಚಳ ಉಬ್ಬಿ, ನಡುವೆ ಸೂಜಿಮೊನೆಯಷ್ಟು ತೂತು ಇರುತ್ತದೆ. ಆ ತೂತಿನ ಮುಚ್ಚಳಗಳು ಸಣ್ಣ ಕಣಗಳ ಮೇಲೂ ಕಂಡರೆ ಗುರುತು ಖಾತ್ರಿ.

ಹೊಸದಾಗಿ ರಾಣಿ ಹೋಗಿದ್ದರೆ ಬೇರೆ ಪೆಟ್ಟಿಗೆಯಿಂದ ಮೊಟ್ಟೆ ಇರುವ ಒಂದು ಎರಿ ಕೊಡಿ, ಅದರಲ್ಲೇ ರಾಣಿ ಮಾಡಿಕೊಳ್ಳುತ್ತವೆ. ಕೆಲಸಗಾರರು ಮೊಟ್ಟೆ ಇಡಲು ಶುರು ಮಾಡಿ ಹುಳವೂ ಕಡಿಮೆಯಾಗಿದ್ದರೆ ಆ ಪೆಟ್ಟಿಗೆಯನ್ನು ಉಳಿಸಲು ಒದ್ದಾಡಬೇಡಿ. ಸಂಜೆ ಹೊತ್ತು ರಾಣಿ ಇರುವ ಗಟ್ಟಿ ಪೆಟ್ಟಿಗೆಯ ಮೇಲೆ ಒಂದು ಹಾಳೆ ಪೇಪರ್ ಹಾಸಿ, ಸೂಜಿಯಿಂದ ನಾಲ್ಕು ತೂತು ಮಾಡಿ, ಅದರ ಮೇಲೆ ರಾಣಿ ಇಲ್ಲದ ಪೆಟ್ಟಿಗೆಯ ಹುಳವಿರುವ ಕೋಣೆ ಇಡಿ. ಪೇಪರ್ ಕಡಿದು ಮುಗಿಸುವಷ್ಟರಲ್ಲಿ ಎರಡೂ ಕಡೆಯ ವಾಸನೆ ಒಂದಾಗಿ ಜಗಳ ಆಗುವುದಿಲ್ಲ.

ಹುಟ್ಟುಗುಣ ಇದ್ದರೆ

ಎಲ್ಲ ಸರಿ ಇದೆ. ರಾಣಿ ಇದ್ದಾಳೆ, ಮರಿ ತುಂಬಿದೆ, ಮೇವಿದೆ, ಕಣಜ ಇಲ್ಲ, ಇರುವೆ ಇಲ್ಲ. ಆದರೂ ಹೊಡೆಯುತ್ತವೆ. ನಮ್ಮ ಚಿಕ್ಕು ಮರದ ಕೆಳಗಿನ ಪೆಟ್ಟಿಗೆ ಅಂಥದ್ದೇ ಇತ್ತು. ಬಟ್ಟೆ ಒಣಗಿಸಲು ಹೋದರೂ ಹೊಡೆಯುತ್ತಿತ್ತು. ಪಕ್ಕದ ಮನೆ ಭಾವ ದಣಪೆಯ ಆಚೆಯಿಂದಲೇ ಕೂಗಿ, "ತಂಗೀ, ಆ ಪೆಟ್ಗೆ ಅಲ್ಲಿಂದ ತೆಗಿತ್ಯಾ ಇಲ್ಯಾ?" ಅಂತ ಕೇಳುವ ಹಂತಕ್ಕೆ ಬಂತು. ಅವರು ಕೇಳಿದ್ದರಲ್ಲಿ ತಪ್ಪೇನಿದೆ?

ಸಿಟ್ಟಿನ ಪೆಟ್ಟಿಗೆ ತುಪ್ಪ ಜಾಸ್ತಿ ಕೊಡುತ್ತದೆ ಅನ್ನುವ ಮಾತು ಇದೆ. ನಾನು ಒಪ್ಪುವುದಿಲ್ಲ. ಹುಳ ಜಾಸ್ತಿ ಇರುವ ಪೆಟ್ಟಿಗೆಯಲ್ಲಿ ಕಾವಲೂ ಜಾಸ್ತಿ, ತುಪ್ಪವೂ ಜಾಸ್ತಿ. ಎರಡಕ್ಕೂ ಕಾರಣ ಹುಳದ ಲೆಕ್ಕ. ಅಷ್ಟೇ ಹುಳ ತುಂಬಿರುವ, ಬರಿಗೈಯಲ್ಲಿ ನೋಡುವಂಥ ಪೆಟ್ಟಿಗೆಯೂ ನಮ್ಮಲ್ಲೇ ಇದೆ.

ಇದಕ್ಕೆ ಮದ್ದು ರಾಣಿ ಬದಲಿಸುವುದು. ಗುಣ ತಾಯಿಯಿಂದ ಬರುತ್ತದೆ, ಅವಳು ಕೂಡಿದ ಗಂಡುಗಳಿಂದಲೂ ಬರುತ್ತದೆ. ಆದರೆ ತುಂಬಿದ ಸಿಟ್ಟಿನ ಪೆಟ್ಟಿಗೆಯಲ್ಲಿ ರಾಣಿಯನ್ನು ಹುಡುಕುವುದು ಹೇಗೆ? ಹೊಡೆಯುವವರನ್ನು ಮೊದಲು ಬೇರೆ ಮಾಡಬೇಕು. ಅದು ಸುಲಭ.

ಮಳೆ ಪೂರ್ತಿ ಬಿಟ್ಟು ಗಂಡು ನೊಣಗಳು ಹಾರಾಡುವ ಕಾಲ ನೋಡಿ. ಬಿಸಿಲೇರಿದ ಮೇಲೆ ಸಿಟ್ಟಿನ ಪೆಟ್ಟಿಗೆಯನ್ನು ಹೊಗೆ ಕೊಟ್ಟು, ಇಡೀ ಎತ್ತಿ ಕೆಲವು ಮಾರು ಆಚೆಗೆ ಇಡಿ, ಬಾಗಿಲು ಬೇರೆ ದಿಕ್ಕಿಗಿರಲಿ. ಅದಿದ್ದ ಜಾಗದಲ್ಲೇ ಒಂದು ಖಾಲಿ ಪೆಟ್ಟಿಗೆ ಇಟ್ಟು, ಅದರೊಳಗೆ ನಿಮ್ಮ ಅತಿ ಸಾಧು ಪೆಟ್ಟಿಗೆಯಿಂದ ತಂದ ಒಂದು ಎರಿ ಹಾಕಿ. ಆ ಎರಿಯಲ್ಲಿ ಮೊಟ್ಟೆ ಮತ್ತು ಆಗಷ್ಟೇ ಒಡೆದ ಎಳೆ ಮರಿ ಇರಬೇಕು. ಎರಿಯ ಮೇಲಿನ ಹುಳಗಳನ್ನು ಮೆಲ್ಲಗೆ ಜಾಡಿಸಿ ಆ ಸಾಧು ಪೆಟ್ಟಿಗೆಯಲ್ಲೇ ಬಿಟ್ಟು ಬನ್ನಿ, ರಾಣಿ ಜೊತೆಗೆ ಬರಬಾರದು. ತುಪ್ಪ ಇರುವ ಎರಿಯೂ ಒಂದಿರಲಿ. ಮೇವಿಗೆ ಹೋದ ವಯಸ್ಸಾದ ನೊಣಗಳೆಲ್ಲ ಹಳೇ ಜಾಗಕ್ಕೇ ವಾಪಸ್ ಬಂದು ಹೊಸ ಪೆಟ್ಟಿಗೆಗೆ ಸೇರುತ್ತವೆ. ಸಂಜೆವರೆಗೂ, ಮರುದಿನವೂ ಬರುತ್ತಲೇ ಇರುತ್ತವೆ. ಆಚೆಗಿಟ್ಟ ಪೆಟ್ಟಿಗೆಯಲ್ಲಿ ಉಳಿಯುವುದು ರಾಣಿ, ಮರಿ, ಎಳೆ ಹುಳಗಳು. ಎಳೆಯವು ಹೊಡೆಯುವುದು ಕಡಿಮೆ. ಎರಡು ದಿನ ಬಿಟ್ಟು ತೆರೆದರೆ ಇದೇನಾ ಆ ಪೆಟ್ಟಿಗೆ ಅನ್ನಿಸುತ್ತದೆ. ಕಪ್ಪಾಗಿ, ಉದ್ದ ಹೊಟ್ಟೆಯ ರಾಣಿ ಎರಿಯ ಮೇಲೆ ನಡೆಯುವುದು ಕಣ್ಣಿಗೆ ಬೀಳುತ್ತದೆ.

ಅವಳನ್ನು ಏನು ಮಾಡುವುದು ಅನ್ನುವುದು ನಿಮಗೆ ಬಿಟ್ಟದ್ದು. ಹೆಚ್ಚಿನವರು ಕೊಲ್ಲುತ್ತಾರೆ, ನಾನೂ ಕೊಂದೆ. ಕೈ ಬರುವುದಿಲ್ಲ ಅನ್ನುವವರು ಆ ಪೆಟ್ಟಿಗೆಯನ್ನು ಹಾಗೇ ಬೆಟ್ಟದಲ್ಲಿ, ಜನ ಓಡಾಡದ ಕಡೆ ಜಾಗ ಇರುವವರಿಗೆ ಕೊಡಬಹುದು. ರಾಣಿ ತೆಗೆದರೆ ಆ ಹುಳಗಳು ಅವಳದೇ ಮೊಟ್ಟೆಯಿಂದ ಮತ್ತೆ ರಾಣಿ ಬೆಳೆಸಲು ನೋಡುತ್ತವೆ. ಕೆಲವು ದಿನ ಬಿಟ್ಟು ಪ್ರತಿ ಎರಿಯ ಅಂಚು ನೋಡಿ, ನೇತಾಡುವ ರಾಣಿ ಕಣಗಳನ್ನೆಲ್ಲ ಮುರಿಯಬೇಕು. ಒಂದು ಉಳಿದರೂ ಪಟ್ಟ ಶ್ರಮ ಹೋಯಿತು.

ಅತ್ತ ಹೊಸ ಪೆಟ್ಟಿಗೆಯಲ್ಲಿ ಸಾಧು ಮೊಟ್ಟೆಯಿಂದ ರಾಣಿ ಬೆಳೆಯುತ್ತಾಳೆ. ಮೊಟ್ಟೆ ಇಟ್ಟ ದಿನದಿಂದ ರಾಣಿ ಹೊರಬರಲು 15-16 ದಿನ ಬೇಕು. ಆಮೇಲೆ ಹಾರಿ, ಗಂಡು ಕೂಡಿ, ಮೊಟ್ಟೆ ಇಡಲು ಇನ್ನೂ ಒಂದು ವಾರ, ಕೆಲವು ಸಲ ಜಾಸ್ತಿ. ಅಲ್ಲಿಯವರೆಗೆ ಕೈ ಹಾಕಬೇಡಿ. ಮೊಟ್ಟೆ ಕಂಡ ಮೇಲೆ ಆಚೆಗಿಟ್ಟ ಎಳೆ ಹುಳಗಳನ್ನು ಪೇಪರ್ ಹಾಸಿ ಇದಕ್ಕೇ ಸೇರಿಸಬಹುದು. ಆಗಲೇ ಸಾಧು ಆಗುತ್ತದೆ ಅಂತ ಕಾಯಬೇಡಿ. ಹಳೇ ರಾಣಿಯ ಮಕ್ಕಳು ಸಾಯುವವರೆಗೆ ಹಳೇ ಸಿಟ್ಟೇ. ಸುಮಾರು ಎರಡು ತಿಂಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಗಂಡುಗಳು ಬೆಟ್ಟದ ಯಾವ ಪೊಟರೆಯಿಂದ ಬಂದವೋ ನಮ್ಮ ಕೈಯಲ್ಲಿಲ್ಲ, ಹಾಗಾಗಿ ಒಂದೊಂದು ಸಲ ಎರಡನೇ ರಾಣಿಯನ್ನೂ ಬದಲಿಸಬೇಕಾಗುತ್ತದೆ.

ಎರಿ ಕೊಡುವ ಮೊದಲು ಮರಿಗಳನ್ನು ಚೆನ್ನಾಗಿ ನೋಡಿ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣ ಭಾರತದಲ್ಲೆಲ್ಲ ಹಬ್ಬಿ ತುಡುವೆ ಸಂಸಾರಗಳು ಪೂರ್ತಿ ನೆಲಕಚ್ಚಿದವು. ನಮ್ಮ ಕಡೆ ಆಗಿನ ಖಾಲಿ ಪೆಟ್ಟಿಗೆಗಳು ಇನ್ನೂ ಕೆಲವರ ಅಟ್ಟದಲ್ಲಿವೆ. ಈ ರೋಗ ಬಂದ ಮರಿ ಕಣದಲ್ಲೇ ತಲೆ ಎತ್ತಿಕೊಂಡು ಸತ್ತಿರುತ್ತದೆ. ಚಿಮುಟದಲ್ಲಿ ಎಳೆದರೆ ನೀರು ತುಂಬಿದ ಚೀಲದ ಹಾಗೆ ಬರುತ್ತದೆ. ಅಂಥ ಒಂದು ಮರಿ ಕಂಡರೂ ಆ ಪೆಟ್ಟಿಗೆಯ ಎರಿಯನ್ನು ಬೇರೆ ಯಾವುದಕ್ಕೂ ಕೊಡಬೇಡಿ, ಅದು ಎಷ್ಟೇ ಸಾಧುವಾಗಿರಲಿ. ಆ ದಿನಗಳನ್ನು ನೋಡಿದವರು ಸಿಟ್ಟಿನ ಪೆಟ್ಟಿಗೆಗೆ ಬೆಂಕಿ ಇಡಿ ಅಂತ ಯಾರಾದರೂ ಅಂದರೆ ಸುಮ್ಮನಿರುವುದಿಲ್ಲ.

ಜಾಗ ಬದಲಿಸುವುದು

ಕೆಲವು ಸಲ ಪೆಟ್ಟಿಗೆ ಸರಿ ಇರುತ್ತದೆ, ಇಟ್ಟ ಜಾಗ ಸರಿ ಇರುವುದಿಲ್ಲ. ಬಾಗಿಲು ಕಾಲುದಾರಿಗೆ ಮುಖ ಮಾಡಿದ್ದರೆ ಹುಳ ನಮ್ಮ ಮುಖದ ಎತ್ತರದಲ್ಲೇ ಹಾರುತ್ತದೆ. ಕರಾವಳಿಯ ಒತ್ತೊತ್ತಾದ ಕಂಪೌಂಡಿನಲ್ಲಿ ಇದೇ ದೊಡ್ಡ ತೊಂದರೆ. ಬಾಗಿಲಿನಿಂದ ಒಂದೆರಡು ಮಾರು ದೂರಕ್ಕೆ ಆರಡಿಗಿಂತ ಎತ್ತರದ ದಾಸವಾಳದ ಬೇಲಿ ಅಥವಾ ತೆಂಗಿನ ತಟ್ಟಿ ಬರುವ ಹಾಗೆ ಮಾಡಿ. ಹುಳ ಅದನ್ನು ಹಾರಿ ತಲೆಯ ಮೇಲಿಂದ ಹೋಗುತ್ತದೆ. ಪಕ್ಕದ ಮನೆಗೆ ಮೊದಲ ತುಪ್ಪದ ಬಾಟಲಿ ಕೊಡುವುದೂ ಇದರ ಒಂದು ಭಾಗ ಅಂತ ಇಟ್ಟುಕೊಳ್ಳಿ.

ಹಿತ್ತಿಲೊಳಗೇ ಸರಿಸುವುದಾದರೆ ದಿನಕ್ಕೆ ಒಂದು ಎರಡು ಅಡಿ ಮಾತ್ರ. ಒಮ್ಮೆಲೇ ಐವತ್ತಡಿ ಸರಿಸಿದರೆ ಹುಳ ಹಳೇ ಜಾಗಕ್ಕೇ ಬಂದು ಸುತ್ತುತ್ತದೆ. ಪೂರ್ತಿ ಬೇರೆ ಕಡೆ ಒಯ್ಯುವುದಾದರೆ ಮೂರು ನಾಲ್ಕು ಕಿಲೋಮೀಟರ್ ದೂರ ಇರಲಿ. ಕತ್ತಲಾಗಿ ಎಲ್ಲ ಒಳಗೆ ಸೇರಿದ ಮೇಲೆ ಬಾಗಿಲಿಗೆ ಗಾಳಿಯಾಡುವ ಜಾಲರಿ ಹೊಡೆದು, ಪೆಟ್ಟಿಗೆಯನ್ನು ಅಡಿಯಿಂದ ಮುಚ್ಚಳದವರೆಗೆ ಹಗ್ಗದಲ್ಲಿ ಬಿಗಿಯಿರಿ. ಬಿಳಿ ಟಾರ್ಚ್ ಹಚ್ಚಬೇಡಿ, ಹೊರಬಿದ್ದ ಹುಳ ಬೆಳಕು ಹಿಡಿದ ಕೈಗೇ ಬರುತ್ತದೆ. ಟಾರ್ಚಿಗೆ ಕೆಂಪು ಹಾಳೆ ಕಟ್ಟಿ, ಜೇನಿಗೆ ಕೆಂಪು ಕಾಣುವುದಿಲ್ಲ. ಗಾಡಿಯಲ್ಲಿ ಎರಿಗಳು ಹೋಗುವ ದಿಕ್ಕಿಗೆ ಉದ್ದವಾಗಿರಲಿ. ಅಡ್ಡಕ್ಕಿದ್ದರೆ ನಮ್ಮ ರಸ್ತೆಯ ಹೊಂಡಕ್ಕೆ ಬ್ರೇಕ್ ಹಾಕಿದಾಗಲೆಲ್ಲ ಒಂದಕ್ಕೊಂದು ಬಡಿಯುತ್ತವೆ. ಹೊಸ ಜಾಗದಲ್ಲಿ ಇಳಿಸಿದ ಕೂಡಲೇ ಜಾಲರಿ ತೆಗೆಯಬೇಡಿ, ಕುಲುಕಾಟಕ್ಕೆ ಎಲ್ಲ ಕೆರಳಿರುತ್ತವೆ. ಸ್ವಲ್ಪ ಹೊತ್ತು ಸುಮ್ಮನಾಗಲು ಬಿಟ್ಟು, ಬೆಳಕು ಹರಿಯುವ ಮೊದಲು ಪಕ್ಕದಲ್ಲಿ ನಿಂತು ತೆಗೆಯಿರಿ. ಬಾಗಿಲ ಮುಂದೆ ಒಂದು ಸೊಪ್ಪಿನ ಕೊಂಬೆ ಒರಗಿಸಿಡಿ. ಹೊರಬಂದ ಹುಳ ಅದಕ್ಕೆ ತಡೆದು ತಿರುಗಿ ನೋಡಿ, ಹೊಸ ಜಾಗದ ಗುರುತು ಹಿಡಿದು ಹೋಗುತ್ತದೆ. ನಾಲ್ಕು ದಿನ ಬಿಟ್ಟು ಆ ಕೊಂಬೆ ತೆಗೆದರೆ ಆಯಿತು.